ಕಪ್ಪೆಯ ಮೆದುಳು, ಕಾಲುವೆಯ ಗೇಟು

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ತುಂಬಿದ್ರೂ ಗೋಕಾಕ, ಮೂಡಲಗಿ ಕಡೆಯ ರೈತರು ಕೇಳೋದು ಒಂದೇ ಮಾತು: ಗೇಟು ಯಾವಾಗ ಎತ್ತುತಾರ? ಹರಿಯೋದನ್ನ ನೀರಿಗೆ ಯಾರೂ ಕಲಿಸಬೇಕಿಲ್ಲ, ತಡೆ ತೆಗೆದರೆ ಸಾಕು. ನಮ್ಮ ಕಬ್ಬಿನ ಗದ್ದೆಯ ಬದುವಿನಲ್ಲಿ ವಟಗುಟ್ಟುವ ಕಪ್ಪೆಗೆ ಮೆದುಳು ಮೂಡೋದೂ ಹೆಚ್ಚುಕಮ್ಮಿ ಹೀಗೇ. ಇದು ತಿಳಿಯಲು ವಿಜ್ಞಾನಕ್ಕೆ ಎಪ್ಪತ್ತು ವರ್ಷ ಬೇಕಾಯ್ತು.

ಕಥೆ ಶುರುವಾಗೋದು ಜರ್ಮನಿಯ ಫ್ರೈಬರ್ಗಿನಲ್ಲಿ. 1921ರಲ್ಲಿ ಹಾನ್ಸ್ ಸ್ಪೆಮನ್ನರ ವಿದ್ಯಾರ್ಥಿನಿ ಹಿಲ್ಡೆ, ಕಪ್ಪೆಯ ನೆಂಟನಾದ ನ್ಯೂಟ್ ಎಂಬ ಜೀವಿಯ ಭ್ರೂಣದ ಬೆನ್ನಿನ ಕಡೆಯಿಂದ ಪುಟ್ಟ ಚೂರೊಂದನ್ನು ಕತ್ತರಿಸಿ, ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ಕೂಡಿಸಿದಳು. ಭ್ರೂಣ ಸಾಸಿವೆ ಕಾಳಿನಷ್ಟು. ಆ್ಯಂಟಿಬಯಾಟಿಕ್ ಇಲ್ಲದ ಕಾಲ, ಹೆಚ್ಚಿನವು ಸತ್ತೇಹೋದವು. ಬದುಕುಳಿದ ಕೆಲವದರ ಹೊಟ್ಟೆಯ ಮೇಲೆ ನರಮಂಡಲ ಸಮೇತ ಎರಡನೇ ದೇಹ ಮೂಡಿತ್ತು! ಎರಡು ಜಾತಿಗಳ ಬಣ್ಣ ಬೇರೆ ಇದ್ದದ್ದರಿಂದ ಗುಟ್ಟು ಗೊತ್ತಾಯ್ತು: ಆ ನರಗಳು ಕಸಿಯ ಚೂರಿನವಲ್ಲ, ಚರ್ಮವಾಗಬೇಕಿದ್ದ ಅಲ್ಲಿನ ಜೀವಕೋಶಗಳೇ ನರವಾಗಿದ್ದವು.

1924ರಲ್ಲಿ ಪ್ರಬಂಧ ಅಚ್ಚಾಯ್ತು, ಗುರುವಿನ ಹೆಸರು ಮೊದಲು. ಅದೇ ವರ್ಷ ಅಡುಗೆಮನೆಯ ಬೆಂಕಿ ಅವಘಡದಲ್ಲಿ ಹಿಲ್ಡೆ ಮ್ಯಾಂಗೋಲ್ಡ್ ತೀರಿಕೊಂಡಳು. ವಯಸ್ಸು ಬರೇ 25. ಸ್ಪೆಮನ್ನರಿಗೆ 1935ರಲ್ಲಿ ನೊಬೆಲ್ ಬಂತು.

ಆ ಚೂರು ಪಕ್ಕದ ಕೋಶಗಳಿಗೆ ಹೇಳಿದ್ದಾದರೂ ಏನು? ದಶಕಗಟ್ಟಲೆ ಹುಡುಕಿದರು. ಸತ್ತ ಚೂರು ಇಟ್ಟರೂ ನರ ಮೂಡುತ್ತಿತ್ತು, ತಲೆ ಕೆಟ್ಟುಹೋಯ್ತು. ಉತ್ತರ ಸಿಕ್ಕಿದ್ದು ಆಫ್ರಿಕಾದ ಉಗುರುಗಪ್ಪೆಯ ಭ್ರೂಣದಲ್ಲಿ. 1992ರಲ್ಲಿ ಬರ್ಕ್ಲಿಯಲ್ಲಿ ಸ್ಮಿತ್ ಮತ್ತು ಹಾರ್ಲೆಂಡ್ 'ನಾಗಿನ್' ಎಂಬ ಜೀನ್ ಕಂಡುಹಿಡಿದರು. 1994ರಲ್ಲಿ ಲಾಸ್ ಏಂಜಲೀಸಿನಲ್ಲಿ ಸಸಾಯಿ, ಡಿ ರಾಬರ್ಟಿಸ್ ಮತ್ತು ಜೊತೆಗಾರರು 'ಕಾರ್ಡಿನ್' ಕಂಡುಕೊಂಡರು. ಎಲ್ಲ ಕೋಶದಲ್ಲೂ ಜೀನುಗಳು ಅವೇ. ಯಾವುದು ಎಲ್ಲಿ, ಯಾವಾಗ ಎಚ್ಚರಾಗ್ತದೆ ಅನ್ನೋದೇ ಮುಖ್ಯ. ಇವೆರಡೂ ಎಚ್ಚರಾಗೋದು ಹಿಲ್ಡೆ ಕತ್ತರಿಸಿದಂಥ ಆ ಬೆನ್ನಿನ ಜಾಗದಲ್ಲೇ.

ಬಿಎಂಪಿ ಎಂಬ ಪ್ರೋಟೀನು ಸುತ್ತಲಿನ ಕೋಶಗಳಿಗೆ 'ಚರ್ಮವಾಗಿರಿ' ಅಂತಿರುತ್ತೆ. ನಾಗಿನ್, ಕಾರ್ಡಿನ್ ಜೀನುಗಳ ಪ್ರೋಟೀನುಗಳು ಅದನ್ನು ಹಿಡಿದುಹಾಕ್ತವೆ. ಗೇಟು ಎತ್ತಿದಂತೆ! ಆ ಕೋಶಗಳು ತಮ್ಮ ಪಾಡಿಗೆ ನರದ ಹಾದಿ ಹಿಡೀತವೆ. ಈ ಜೀನುಗಳು ನಮ್ಮಲ್ಲೂ ಇವೆ.

ಆ ಚೂರಿಗೆ ಬಹುಕಾಲ 'ಸ್ಪೆಮನ್ ಸಂಘಟಕ' ಅಂತಲೇ ಹೆಸರಿತ್ತು. ಈಗ ಸ್ಪೆಮನ್-ಮ್ಯಾಂಗೋಲ್ಡ್ ಅಂತಲೂ ಬರೀತಾರೆ. ನಮ್ಮೂರ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದೋ ಹುಡುಗಿಯರಿಗೆ ಆ ಎರಡನೇ ಹೆಸರನ್ನು ಜೋರಾಗೇ ಹೇಳಿಕೊಡ್ರಿ.