ಛೇದವನ್ನು ಮರೆತ ಲೆಕ್ಕಗಳು

ಮೂವತ್ತೊಂದು ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸವನ್ನೂ, ಗಣಿತದ ಮೇಷ್ಟ್ರು ರಜೆ ಹಾಕಿದ ದಿನಗಳಲ್ಲಿ ಗಣಿತವನ್ನೂ ಹೇಳಿಕೊಟ್ಟವನು ನಾನು. ಭಿನ್ನರಾಶಿಯ ಪಾಠದಲ್ಲಿ ಮಕ್ಕಳು ಮತ್ತೆ ಮತ್ತೆ ಮಾಡುತ್ತಿದ್ದ ತಪ್ಪು ಒಂದೇ. ಗೆರೆಯ ಮೇಲಿನ ಅಂಶವನ್ನು ಎಚ್ಚರದಿಂದ ಬರೆದು, ಗೆರೆಯ ಕೆಳಗಿನ ಛೇದವನ್ನು ಮರೆತುಬಿಡುವುದು. ಛೇದವಿಲ್ಲದ ಅಂಶಕ್ಕೆ ಅರ್ಥವಿಲ್ಲವೆಂದು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದೇನೋ ಲೆಕ್ಕವಿಲ್ಲ. ಹಾಗೆ ತೋರಿಸಿದ ನಾನೇ ತುಂಬಿದ ಸಭೆಯಲ್ಲಿ ಅದೇ ತಪ್ಪನ್ನು ಮಾಡಿದ ಕಥೆಯಿಂದ ಈ ಲೇಖನವನ್ನು ಆರಂಭಿಸುತ್ತೇನೆ.

2007ರ ಮಳೆಗಾಲ. ನಮ್ಮೂರ ವಾಚನಾಲಯದವರು ‘ಧರ್ಮ ಮತ್ತು ಹಿಂಸೆ’ ಎಂಬ ವಿಷಯವಾಗಿ ಮಾತನಾಡಲು ನನ್ನನ್ನು ಕರೆದಿದ್ದರು. ‘ಎಲ್ಲ ಮುಸ್ಲಿಮರೂ ಭಯೋತ್ಪಾದಕರಲ್ಲ; ಆದರೆ ಎಲ್ಲ ಭಯೋತ್ಪಾದಕರೂ ಮುಸ್ಲಿಮರೇ’ ಎಂಬ ವಾಕ್ಯವು ಆ ದಿನಗಳಲ್ಲಿ ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ, ಕೊನೆಗೆ ಅಧ್ಯಾಪಕರ ಕೊಠಡಿಗಳಲ್ಲಿಯೂ ಗಾದೆಯಂತೆ ಬಳಕೆಯಾಗುತ್ತಿತ್ತು. ಅದನ್ನು ಖಂಡಿಸಬೇಕೆಂಬುದು ನನ್ನ ಸಂಕಲ್ಪ. ಯೂರೋಪಿನ ಪೊಲೀಸ್ ಸಂಸ್ಥೆಯಾದ ಯೂರೋಪೋಲ್ ಆ ವರ್ಷ ಪ್ರಕಟಿಸಿದ್ದ ವರದಿಯ ಅಂಕಿಗಳು ನನಗೆ ದೊರೆತಿದ್ದವು. 2006ರಲ್ಲಿ ಯೂರೋಪ್ ಒಕ್ಕೂಟದಲ್ಲಿ ನಡೆದ ಭಯೋತ್ಪಾದಕ ದಾಳಿಗಳು 498. ಅವುಗಳಲ್ಲಿ ಇಸ್ಲಾಮಿನ ಹೆಸರಿನಲ್ಲಿ ನಡೆದದ್ದು ಒಂದೇ ಒಂದು. ಅದೂ ಜರ್ಮನಿಯ ರೈಲುಗಳಲ್ಲಿ ಇಟ್ಟಿದ್ದ, ಸಿಡಿಯದೆ ಹೋದ ಸೂಟ್‌ಕೇಸ್ ಬಾಂಬುಗಳ ಪ್ರಕರಣ. ‘ಐನೂರರಲ್ಲಿ ಒಂದು, ಮಹನೀಯರೇ!’ ಎಂದು ನಾನು ಏರುದನಿಯಲ್ಲಿ ಹೇಳಿದಾಗ ಸಭೆಯಲ್ಲಿ ಚಪ್ಪಾಳೆ ಬಿದ್ದಿತು.

ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವನು, ಸೌಮ್ಯ ಸ್ವಭಾವದವನು. ‘ಸರ್, ಅದರ ಹಿಂದಿನ ವರ್ಷ ಲಂಡನ್ನಿನಲ್ಲಿ ನಾಲ್ಕೇ ಬಾಂಬುಗಳಿಗೆ 52 ಜನ ಸತ್ತರಲ್ಲ, ಆ ನಾಲ್ಕನ್ನು ಐನೂರರಲ್ಲಿ ನಾಲ್ಕು ಅಂತ ಬರೆದುಕೊಂಡರೆ ಲೆಕ್ಕ ಸರಿಯಾಗುತ್ತದೆಯೇ?’ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಏನೋ ಹೇಳಿ ಕುಳಿತೆ.

ಮನೆಗೆ ಬಂದು ಆ ಅಂಕಿಗಳನ್ನು ಮತ್ತೆ ನೋಡಿದೆ. 498ರಲ್ಲಿ 424 ದಾಳಿಗಳು ಪ್ರತ್ಯೇಕತಾವಾದಿಗಳವು. ಬಹುಪಾಲು ಸ್ಪೇನಿನ ಬಾಸ್ಕ್ ಪ್ರದೇಶಕ್ಕೂ ಫ್ರಾನ್ಸಿನ ಕಾರ್ಸಿಕಾ ದ್ವೀಪಕ್ಕೂ ಸಂಬಂಧಿಸಿದವು. ಅವುಗಳಲ್ಲಿ ಹೆಚ್ಚಿನವು ಯಾರನ್ನೂ ಕೊಲ್ಲುವ ಉದ್ದೇಶವಿಲ್ಲದ, ಕಟ್ಟಡಕ್ಕೋ ವಾಹನಕ್ಕೋ ಹಾನಿ ಮಾಡುವ ಕೃತ್ಯಗಳು. ಜನ ತುಂಬಿದ ರೈಲಿನಲ್ಲಿಟ್ಟ ಬಾಂಬನ್ನೂ ರಾತ್ರಿಯಲ್ಲಿ ಖಾಲಿ ಕಚೇರಿಗೆ ಹಚ್ಚಿದ ಬೆಂಕಿಯನ್ನೂ ‘ಒಂದು’, ‘ಒಂದು’ ಎಂದು ಸಮನಾಗಿ ಎಣಿಸಿ ನಾನು ಗೆದ್ದೆನೆಂದುಕೊಂಡಿದ್ದೆ. ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇತ್ತು. ಆ ವರ್ಷ ಭಯೋತ್ಪಾದನೆಯ ಆರೋಪದ ಮೇಲೆ ಬಂಧಿತರಾದ 706 ಮಂದಿಯಲ್ಲಿ 257 ಮಂದಿ ಇಸ್ಲಾಮೀ ಉಗ್ರವಾದಕ್ಕೆ ಸಂಬಂಧಿಸಿದವರು. ಅದನ್ನು ನಾನು ಸಭೆಗೆ ಹೇಳಿರಲಿಲ್ಲ. ನನ್ನ ಎದುರಾಳಿಯಾಗಿದ್ದರೆ ಅದನ್ನು ಮಾತ್ರ ಹೇಳುತ್ತಿದ್ದ. ಒಂದೇ ಪುಸ್ತಕದ ಎರಡು ಪುಟಗಳನ್ನು ಹರಿದುಕೊಂಡು ಇಬ್ಬರೂ ಪಂಡಿತರಾಗುವ ಪರಿ ಇದು.

ಅಂಕಿಗಳ ಈ ರಾಜಕಾರಣ ನಮ್ಮ ದೇಶಕ್ಕೆ ಹೊಸತಲ್ಲ. 1909ರಲ್ಲಿ ಕಲ್ಕತ್ತೆಯ ಯು. ಎನ್. ಮುಖರ್ಜಿ ಎಂಬವರು ಬಂಗಾಳದ ಜನಗಣತಿಯ ಅಂಕಿಗಳನ್ನು ಮುಂದಿಟ್ಟುಕೊಂಡು, ಹಿಂದೂಗಳು ‘ಸಾಯುತ್ತಿರುವ ಜನಾಂಗ’ವೆಂದೂ, 420 ವರ್ಷಗಳಲ್ಲಿ ನಾಮಾವಶೇಷರಾಗುವರೆಂದೂ ಬರೆದರು. ಜನಗಣತಿಯ ಅಂಕಿಗಳು ಸುಳ್ಳಾಗಿರಲಿಲ್ಲ. ಕೆಲವು ದಶಕಗಳ ಏರಿಳಿತವನ್ನು ಗೆರೆಯೆಳೆದು ನಾಲ್ಕು ಶತಮಾನಗಳಿಗೆ ಚಾಚಿದ್ದು ತಪ್ಪಾಗಿತ್ತು. ಶತಮಾನದ ಬಳಿಕ, 2011ರ ಜನಗಣತಿಯಲ್ಲಿ ಭಾರತದ ಹಿಂದೂಗಳ ಸಂಖ್ಯೆ 96 ಕೋಟಿಯನ್ನು ದಾಟಿತ್ತು. ಲೆಕ್ಕ ಸುಳ್ಳಾದರೂ ಅದು ಹುಟ್ಟಿಸಿದ ಭಯ ಸುಳ್ಳಾಗಲಿಲ್ಲ; ಅದು ತಲೆಮಾರುಗಳನ್ನು ದಾಟಿ ಉಳಿಯಿತು.

ಮತ್ತೆ ಆ ಗಾದೆಯಂಥ ವಾಕ್ಯಕ್ಕೆ ಬರೋಣ. ‘ಎಲ್ಲ ಭಯೋತ್ಪಾದಕರೂ ಮುಸ್ಲಿಮರೇ’ ಎಂಬುದನ್ನು ಅಲ್ಲಗಳೆಯಲು ನನಗೆ ಶೇಕಡಾವಾರಿನ ಆವಶ್ಯಕತೆಯೇ ಇರಲಿಲ್ಲ. ‘ಎಲ್ಲ’ ಎಂಬ ಪದವನ್ನು ಮುರಿಯಲು ಒಂದು ಪ್ರತ್ಯುದಾಹರಣೆ ಸಾಕೆಂದು ಗಣಿತವೇ ಹೇಳುತ್ತದೆ. 1985ರ ಜೂನ್‌ನಲ್ಲಿ ‘ಕನಿಷ್ಕ’ ವಿಮಾನವನ್ನು ಆಕಾಶದಲ್ಲಿಯೇ ಸಿಡಿಸಿ 329 ಜನರನ್ನು ಕೊಂದವರು ಸಿಖ್ ಉಗ್ರಗಾಮಿಗಳು. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಂದವರು ಎಲ್‌ಟಿಟಿಇ ಸಂಘಟನೆಯವರು. ಆ ತಂಡದ ಶಿವರಾಸನ್ ಕೊನೆಯುಸಿರೆಳೆದದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ. ನಕ್ಸಲ್ ಹಿಂಸೆಗೆ 2010ರ ಒಂದೇ ವರ್ಷದಲ್ಲಿ ಬಲಿಯಾದ ನಾಗರಿಕರೂ ಭದ್ರತಾ ಸಿಬ್ಬಂದಿಯೂ ಸೇರಿ ಸಾವಿರಕ್ಕೂ ಮಿಗಿಲು. 2011ರ ಜುಲೈ 22ರಂದು ನಾರ್ವೆಯಲ್ಲಿ 77 ಜನರನ್ನು ಕೊಂದವನು ಮುಸ್ಲಿಮರನ್ನು ದ್ವೇಷಿಸುತ್ತಿದ್ದ ಬಲಪಂಥೀಯ ಉಗ್ರ. ಈ ಕೊನೆಯ ಉದಾಹರಣೆಯಲ್ಲಿ ಇನ್ನೊಂದು ಪಾಠವೂ ಇದೆ: ನಾರ್ವೆ ಯೂರೋಪ್ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲ. ಆದುದರಿಂದ ಒಕ್ಕೂಟದ ದೇಶಗಳ ಲೆಕ್ಕವನ್ನು ಮಾತ್ರ ನೋಡುವವನಿಗೆ ಆ 77 ಜನರು ಕಾಣುವುದೇ ಇಲ್ಲ. ಎಣಿಕೆಯ ಬೇಲಿಯನ್ನು ಎಲ್ಲಿ ಹಾಕಿದ್ದಾರೆಂಬುದನ್ನು ನೋಡದೆ ಎಣಿಕೆಯನ್ನು ನಂಬಬಾರದು.

ಇಷ್ಟು ಹೇಳಿದೊಡನೆ ಇನ್ನೊಂದು ಪಕ್ಷದ ಸತ್ಯವನ್ನೂ ಹೇಳಲೇಬೇಕು. 2015ರಲ್ಲಿ ಯೂರೋಪ್ ಒಕ್ಕೂಟದಲ್ಲಿ ನಡೆದ, ವಿಫಲವಾದ ಮತ್ತು ತಡೆಯಲ್ಪಟ್ಟ ದಾಳಿಗಳು ಒಟ್ಟು 211. ಅವುಗಳಲ್ಲಿ ಜಿಹಾದಿಗಳವು 17 ಮಾತ್ರ. ಆದರೆ ಆ ವರ್ಷ ಸತ್ತ 151 ಜನರಲ್ಲಿ 150 ಜನರು ಸತ್ತದ್ದು ಆ ಹದಿನೇಳರಲ್ಲಿಯೇ. ದಾಳಿಗಳನ್ನು ಎಣಿಸುವವನು ‘ನೂರರಲ್ಲಿ ಎಂಟು’ ಎನ್ನುತ್ತಾನೆ. ಹೆಣಗಳನ್ನು ಎಣಿಸುವವನು ‘ನೂರರಲ್ಲಿ ತೊಂಬತ್ತೊಂಬತ್ತು’ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ಪೂರ್ಣಸತ್ಯವನ್ನೂ ಹೇಳುತ್ತಿಲ್ಲ.

ಅಮೆರಿಕದಲ್ಲಿಯೂ ಇದೇ ಕಥೆ. ಅಲ್ಲಿನ ಸಂಸತ್ತಿಗೆ ವರದಿ ಒಪ್ಪಿಸುವ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯು 2017ರಲ್ಲಿ ಒಂದು ಲೆಕ್ಕವನ್ನು ಕೊಟ್ಟಿತು. 2001ರ ಸೆಪ್ಟೆಂಬರ್ 12ರಿಂದ 2016ರ ಕೊನೆಯವರೆಗೆ ಉಗ್ರವಾದಿಗಳು ನಡೆಸಿದ, ಸಾವು ಸಂಭವಿಸಿದ ಪ್ರಕರಣಗಳು 85. ಬಲಪಂಥೀಯ ಉಗ್ರರವು 62, ಇಸ್ಲಾಮೀ ಉಗ್ರರವು 23. ಸತ್ತವರು ಮಾತ್ರ ಕ್ರಮವಾಗಿ 106 ಮತ್ತು 119. ಆ 119ರಲ್ಲಿಯೂ 49 ಮಂದಿ ಸತ್ತದ್ದು 2016ರಲ್ಲಿ ಒರ್ಲಾಂಡೊ ನಗರದ ಒಂದೇ ರಾತ್ರಿಯಲ್ಲಿ. ಎಣಿಕೆ ಸೆಪ್ಟೆಂಬರ್ 12ರಿಂದ ಆರಂಭವಾಗಿದೆಯೆಂಬುದನ್ನು ಗಮನಿಸಿರಿ. ಒಂದೇ ಒಂದು ದಿನ ಹಿಂದಕ್ಕೆ ಸರಿದರೆ ಸುಮಾರು ಮೂರು ಸಾವಿರ ಸಾವುಗಳು ಲೆಕ್ಕದೊಳಗೆ ಬಂದು ಇಡೀ ಕೋಷ್ಟಕವೇ ಬುಡಮೇಲಾಗುತ್ತದೆ. ಎಂದಿನಿಂದ ಎಣಿಸಬೇಕೆಂಬ ಆಯ್ಕೆಯಲ್ಲಿಯೇ ಅರ್ಧ ತೀರ್ಪು ಅಡಗಿರುತ್ತದೆ.

ಜನರ ಅಭಿಪ್ರಾಯಗಳ ಲೆಕ್ಕ ಇನ್ನೂ ಜಾರುನೆಲ. ಗ್ಯಾಲಪ್ ಸಂಸ್ಥೆಯು ಹತ್ತಾರು ದೇಶಗಳ ಮುಸ್ಲಿಮರನ್ನು ಸಂದರ್ಶಿಸಿದ ಸಮೀಕ್ಷೆಯೊಂದನ್ನು ಆಧರಿಸಿ ಜಾನ್ ಎಸ್ಪೊಸಿಟೊ ಮತ್ತು ದಾಲಿಯಾ ಮೊಗಾಹೆದ್ ಅವರು 2008ರ ಸುಮಾರಿಗೆ ಪುಸ್ತಕವೊಂದನ್ನು ಹೊರತಂದರು. ಅದರಲ್ಲಿ ‘ರಾಜಕೀಯವಾಗಿ ಉಗ್ರರು’ ಎಂದು ಗುರುತಿಸಲ್ಪಟ್ಟವರು ಶೇ. 7. ಸೆಪ್ಟೆಂಬರ್ 11ರ ದಾಳಿ ಎಷ್ಟು ಸಮರ್ಥನೀಯವೆಂದು ಐದು ಮೆಟ್ಟಿಲುಗಳ ಅಳತೆಗೋಲಿನಲ್ಲಿ ಕೇಳಿದಾಗ, ತುದಿಯ ಮೆಟ್ಟಿಲನ್ನು, ಅಂದರೆ ‘ಸಂಪೂರ್ಣ ಸಮರ್ಥನೀಯ’ ಎಂಬುದನ್ನು, ಆರಿಸಿದವರು ಇವರು. ನಾಲ್ಕನೆಯ, ಮೂರನೆಯ ಮೆಟ್ಟಿಲಿನವರನ್ನು ಏಕೆ ಕೈಬಿಟ್ಟಿರಿ, ಅವರನ್ನೂ ಕೂಡಿಸಿದರೆ ಮೂರನೆಯ ಒಂದು ಭಾಗವನ್ನೇ ಮೀರುತ್ತದಲ್ಲ ಎಂದು ವಿಮರ್ಶಕರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಇನ್ನೊಂದು ಕಡೆಯವರು ಶೇ. 7ನ್ನು ಜಗತ್ತಿನ 130 ಕೋಟಿ ಮುಸ್ಲಿಮರಿಗೆ ಗುಣಿಸಿ, ‘ಒಂಬತ್ತು ಕೋಟಿ ಭಯೋತ್ಪಾದಕರು’ ಎಂಬ ಉತ್ತರ ತೆಗೆದರು. ಇದು ಅದಕ್ಕಿಂತ ದೊಡ್ಡ ಅನ್ಯಾಯ. ಪ್ರಶ್ನೆಗೆ ಕೆಟ್ಟ ಉತ್ತರ ಕೊಡುವುದು ಬೇರೆ, ಬಾಂಬು ಹಿಡಿಯುವುದು ಬೇರೆ. ಒಂಬತ್ತು ಕೋಟಿ ಜನ ಆಯುಧ ಹಿಡಿದಿದ್ದರೆ ಜಗತ್ತಿನ ಯಾವ ಊರೂ ಉಳಿಯುತ್ತಿರಲಿಲ್ಲ.

ಇನ್ನು ಛೇದದ ಮಾತು. 2006ರ ನವೆಂಬರ್‌ನಲ್ಲಿ ಬ್ರಿಟನ್ನಿನ ಗೂಢಚರ ಸಂಸ್ಥೆ ಎಂಐ5ರ ಮುಖ್ಯಸ್ಥೆಯಾಗಿದ್ದ ಎಲೈಜಾ ಮ್ಯಾನಿಂಗ್‌ಹ್ಯಾಮ್-ಬುಲ್ಲರ್ ಅವರು, ತಮ್ಮ ಕಣ್ಗಾವಲಿನಲ್ಲಿ 1,600ಕ್ಕೂ ಹೆಚ್ಚು ಶಂಕಿತರಿದ್ದಾರೆಂದು ಬಹಿರಂಗವಾಗಿ ಹೇಳಿದರು. ಅವರೆಲ್ಲರೂ ಮುಸ್ಲಿಮರೇ ಎಂದು ಇಟ್ಟುಕೊಳ್ಳೋಣ. 2001ರ ಗಣತಿಯ ಪ್ರಕಾರ ಬ್ರಿಟನ್ನಿನ ಮುಸ್ಲಿಮರು ಸುಮಾರು 16 ಲಕ್ಷ. ಭಾಗಿಸಿದರೆ ಸಾವಿರಕ್ಕೆ ಒಬ್ಬ. ‘ಶಂಕಿತರಲ್ಲಿ ಎಷ್ಟು ಮಂದಿ ಮುಸ್ಲಿಮರು?’ ಎಂಬ ಪ್ರಶ್ನೆಗೆ ಉತ್ತರ ‘ಎಲ್ಲರೂ’ ಎಂದಾದಾಗಲೂ, ‘ಮುಸ್ಲಿಮರಲ್ಲಿ ಎಷ್ಟು ಮಂದಿ ಶಂಕಿತರು?’ ಎಂಬ ಪ್ರಶ್ನೆಗೆ ಉತ್ತರ ಸಾವಿರಕ್ಕೆ ಒಬ್ಬ. ಈ ಎರಡು ಪ್ರಶ್ನೆಗಳನ್ನು ಒಂದೆಂದು ತಿಳಿಯುವುದರಿಂದಲೇ ಬಹುಪಾಲು ಅನರ್ಥ ಹುಟ್ಟುತ್ತದೆ.

ಒಂದು ಕಲ್ಪಿತ ಲೆಕ್ಕ ಮಾಡೋಣ. ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗಿ ಗುರುತಿಸುವ ಒಂದು ಪರೀಕ್ಷೆ ಪೊಲೀಸರಲ್ಲಿದೆಯೆನ್ನಿ. ಅದನ್ನು ಆ 16 ಲಕ್ಷ ಜನರ ಮೇಲೂ ಪ್ರಯೋಗಿಸಿದರೆ 1,600 ಜನರಲ್ಲಿ 1,584 ಮಂದಿ ಸಿಕ್ಕಿಬೀಳುತ್ತಾರೆ. ಭೇಷ್! ಆದರೆ ಉಳಿದ ನಿರಪರಾಧಿಗಳಲ್ಲಿ ನೂರಕ್ಕೆ ಒಬ್ಬರಂತೆ 15,984 ಮಂದಿಯೂ ಸಿಕ್ಕಿಬೀಳುತ್ತಾರೆ. ಹಿಡಿದ ಹನ್ನೊಂದು ಜನರಲ್ಲಿ ಹತ್ತು ಜನ ಏನೂ ಮಾಡದವರು. ಶೇ. 99ರಷ್ಟು ನಿಖರವಾದ ಪರೀಕ್ಷೆಯ ಗತಿ ಇದಾದರೆ, ಹೆಸರನ್ನೂ ಗಡ್ಡವನ್ನೂ ನೋಡಿ ಮಾಡುವ ನಮ್ಮ ನಿಮ್ಮ ಪರೀಕ್ಷೆಯ ಗತಿಯೇನು?

ಇದು ಕೇವಲ ಕಾಗದದ ಲೆಕ್ಕವಲ್ಲ. 2002ರಲ್ಲಿ ಗಾಂಧಿನಗರದ ಅಕ್ಷರಧಾಮ ದೇವಾಲಯದ ಮೇಲೆ ನಡೆದ ಘೋರ ದಾಳಿಯ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಆರು ಮಂದಿಯನ್ನು, ಅವರಲ್ಲಿ ಮೂವರು ಮರಣದಂಡನೆಗೆ ಗುರಿಯಾಗಿದ್ದವರು, ಸುಪ್ರೀಂ ಕೋರ್ಟು 2014ರ ಮೇ 16ರಂದು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಬಂಧನವಾದ ವರ್ಷ ಬಂಧಿತರ ಕೋಷ್ಟಕದಲ್ಲಿ ಆರು ಅಂಕಿಗಳು ಏರಿದವು. ಹತ್ತು ವರ್ಷಗಳ ಮೇಲೆ ಬಿಡುಗಡೆಯಾದಾಗ ಹಳೆಯ ಕೋಷ್ಟಕವನ್ನು ತೆರೆದು ಅವುಗಳನ್ನು ಅಳಿಸಿದವರು ಯಾರು? ‘ಬಂಧಿತರಲ್ಲಿ ಇಷ್ಟು ಮಂದಿ’ ಎಂದು ವಾದಿಸುವವರು ಮುಂದೆ ಖುಲಾಸೆಯಾದವರನ್ನು ಕಳೆಯುವುದಿಲ್ಲ. ಯೂರೋಪಿನ ಆ 257ಕ್ಕೂ ಇದೇ ಮಾತು ಸಲ್ಲುತ್ತದೆ.

ಎಲ್ಲ ವಾದಗಳಲ್ಲಿಯೂ ಕಾಣೆಯಾಗುವ ಕಾಲಂ ಒಂದುಂಟು. ಜಾಗತಿಕ ಭಯೋತ್ಪಾದನಾ ಸೂಚ್ಯಂಕದ 2014ರ ವರದಿಯ ಪ್ರಕಾರ ಹಿಂದಿನ ವರ್ಷ ಜಗತ್ತಿನಲ್ಲಿ ಭಯೋತ್ಪಾದನೆಗೆ ಬಲಿಯಾದವರು ಸುಮಾರು 18 ಸಾವಿರ. ಅವರಲ್ಲಿ ನೂರಕ್ಕೆ 82 ಮಂದಿ ಇರಾಕ್, ಅಫ್ಘಾನಿಸ್ತಾನ, ಪಾಕಿಸ್ತಾನ, ನೈಜೀರಿಯ, ಸಿರಿಯ ಎಂಬ ಐದೇ ದೇಶಗಳಲ್ಲಿ ಸತ್ತರು. ಆ ವರದಿ ಬಂದ ತಿಂಗಳೊಪ್ಪತ್ತಿನಲ್ಲಿ, ಡಿಸೆಂಬರ್ 16ರಂದು, ಪೇಶಾವರದ ಶಾಲೆಯೊಂದಕ್ಕೆ ತಾಲಿಬಾನಿಗಳು ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಮೇಷ್ಟ್ರಾಗಿದ್ದವನಿಗೆ ಆ ಸುದ್ದಿಯನ್ನು ಓದಿ ಮುಗಿಸುವುದು ಸುಲಭವಾಗಿರಲಿಲ್ಲ. ಹಾಜರಿ ಪುಸ್ತಕವೇ ಕಣ್ಣ ಮುಂದೆ ಬರುತ್ತಿತ್ತು. ಕೊಂದವರೂ ಮುಸ್ಲಿಮರು, ಸತ್ತ ಮಕ್ಕಳೂ ಮುಸ್ಲಿಮರು. ಇದರಿಂದ ಕೊಂದವರ ಅಪರಾಧ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಅವರು ಧರ್ಮದ ಹೆಸರು ಹೇಳುತ್ತಿದ್ದರೆಂಬುದೂ ಸುಳ್ಳಾಗುವುದಿಲ್ಲ. ಆದರೆ ‘ಮುಸ್ಲಿಮರು ಮತ್ತು ಭಯೋತ್ಪಾದನೆ’ ಎಂದೊಡನೆ ಕೊಂದವರ ಕಾಲಂನಲ್ಲಿ ಮಾತ್ರ ಹುಡುಕುವ ನಮ್ಮ ಕಣ್ಣು, ಆ ಮಕ್ಕಳನ್ನು ಯಾವ ಕಾಲಂನಲ್ಲಿ ಬರೆಯುತ್ತದೆ?

ನನ್ನ ಉಪನ್ಯಾಸದ ದಿನ ಮುಂದಿನ ಸಾಲಿನಲ್ಲಿ ನಮ್ಮ ಶಾಲೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಎಲ್ಲರೂ ‘ಸಾಹೇಬರು’ ಎಂದು ಕರೆಯುತ್ತಿದ್ದ ಹಿರಿಯರು ಕುಳಿತಿದ್ದರು. ಹಿಂದಿರುಗುವಾಗ ಒಂದೇ ಕೊಡೆಯಲ್ಲಿ ನಡೆದೆವು. ಅವರ ಮಗನಿಗೆ ಬೆಂಗಳೂರಿನಲ್ಲಿ ಉದ್ಯೋಗವಾಗಿ ಮೂರು ತಿಂಗಳಾಗಿತ್ತು. ಬಾಡಿಗೆ ಮನೆ ಸಿಕ್ಕಿರಲಿಲ್ಲ. ಯಾರೂ ಬೈದಿರಲಿಲ್ಲವಂತೆ. ಹೆಸರು ಕೇಳಿ, ‘ನಿನ್ನೆಯೇ ಕೊಟ್ಟುಬಿಟ್ಟೆವಲ್ಲ’ ಎಂದು ಮರ್ಯಾದೆಯಾಗಿ ಹೇಳಿ ಕಳುಹಿಸುತ್ತಿದ್ದರಂತೆ. ನಾನು ನನ್ನ ತಪ್ಪು ಲೆಕ್ಕಕ್ಕಾಗಿ ಸಂಕೋಚಪಟ್ಟುಕೊಂಡಾಗ ಅವರು ಹೇಳಿದರು: ‘ರಾಯರೇ, ನಮ್ಮ ಪರವಾಗಿ ಮಾತನಾಡುವಾಗಲೂ ಸರಿಯಾದ ಲೆಕ್ಕವನ್ನೇ ಹೇಳಿ. ತಪ್ಪು ಲೆಕ್ಕ ಹೇಳಿ ನೀವು ಸಿಕ್ಕಿಬಿದ್ದರೆ, ನಾಳೆ ನಾವು ನಿಜ ಹೇಳಿದರೂ ನಂಬುವವರಿರುವುದಿಲ್ಲ.’

ಅಂದಿನಿಂದ ಈ ವಿಷಯದಲ್ಲಿ ಯಾರು ಯಾವ ಅಂಕಿ ಹೇಳಿದರೂ ಮೂರು ಪ್ರಶ್ನೆ ಕೇಳುವುದನ್ನು ರೂಢಿಸಿಕೊಂಡಿದ್ದೇನೆ. ಎಣಿಸಿದ್ದು ಏನನ್ನು: ದಾಳಿಯನ್ನೋ, ಸಾವನ್ನೋ, ಬಂಧನವನ್ನೋ, ಬರಿಯ ಅಭಿಪ್ರಾಯವನ್ನೋ? ಎಣಿಸಿದ್ದು ಎಲ್ಲಿ, ಎಂದಿನಿಂದ ಎಂದಿನವರೆಗೆ? ಎಷ್ಟು ಜನರಲ್ಲಿ ಅಷ್ಟು? ನನಗೆ ಇಷ್ಟವಾದ ಅಂಕಿ ಎದುರಾದಾಗ ಈ ಪ್ರಶ್ನೆಗಳನ್ನು ಇನ್ನೂ ಗಟ್ಟಿಯಾಗಿ ಕೇಳಿಕೊಳ್ಳುತ್ತೇನೆ. ಸಾವಿರಕ್ಕೆ ಒಬ್ಬನನ್ನು ಹುಡುಕುವುದು ಪೊಲೀಸರ ಕೆಲಸ. ಅದು ಅಗತ್ಯವಾದ ಕೆಲಸ, ನಾಲ್ವರು ಸೇರಿ 52 ಜನರನ್ನು ಕೊಲ್ಲಬಲ್ಲರು. ಆದರೆ ಮನೆ ಬಾಡಿಗೆಗೆ ಕೊಡುವವರ ಬಾಗಿಲಿಗೆ ಬರುವವನು ಬಹುಮಟ್ಟಿಗೆ ಉಳಿದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಒಬ್ಬ. ಸಾಹೇಬರ ಮಗನಿಗೆ ಐದನೆಯ ತಿಂಗಳಲ್ಲಿ ಮನೆ ದೊರೆಯಿತು. ಕೊಟ್ಟವರು ಯಾವ ಅಂಕಿಅಂಶವನ್ನೂ ಓದಿದವರಲ್ಲ. ಹುಡುಗನನ್ನು ಒಳಗೆ ಕರೆದು ಕೂರಿಸಿ, ಅರ್ಧ ಗಂಟೆ ಮಾತನಾಡಿ, ಮುಂಗಡ ತೆಗೆದುಕೊಂಡರಂತೆ.