ಮರಳಿ ತೆರೆ ಕಂಡ ದುರ್ಗದ ಕಥೆ: ‘ನಾಗರಹಾವು’ ಚಿತ್ರದ ನವೀಕರಣ

ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ನಾಗರಹಾವು’ (1972) ಡಿಜಿಟಲ್ ರೂಪದಲ್ಲಿ ನವೀಕೃತಗೊಂಡು 2018ರ ಜುಲೈ 20ರಂದು ಮರುಬಿಡುಗಡೆಯಾಯಿತು. ಎನ್. ವೀರಾಸ್ವಾಮಿ ನಿರ್ಮಿಸಿದ್ದ ಚಿತ್ರವನ್ನು ಅವರ ಕುಟುಂಬದವರೇ ಮತ್ತೆ ತೆರೆಗೆ ತಂದರು.

ತ.ರಾ.ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಕಾದಂಬರಿಗಳನ್ನು ಆಧರಿಸಿದ ಈ ಕಥೆ ಸಾಮಾಜಿಕವೇ ಹೊರತು ಐತಿಹಾಸಿಕವಲ್ಲ. ಆದರೂ ಕನ್ನಡಿಗರ ಇತಿಹಾಸಪ್ರಜ್ಞೆಯಲ್ಲಿ ಇದಕ್ಕೊಂದು ಸ್ಥಾನವುಂಟು. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳುವಾಗ ಒನಕೆ ಹಿಡಿದು ನಿಂತ ಓಬವ್ವನ ಪ್ರಸಂಗವನ್ನು ಪುಟ್ಟಣ್ಣ ಹಾಡಿನ ರೂಪದಲ್ಲಿ ಕಥೆಯೊಳಗೆ ಹೆಣೆದರು. ಓಬವ್ವನೆಂದರೆ ಇಂದಿಗೂ ಬಹುಜನರ ಕಣ್ಣಮುಂದೆ ನಿಲ್ಲುವುದು ಆ ಪಾತ್ರದಲ್ಲಿನ ಜಯಂತಿಯವರ ಮುಖವೇ.

ಮಂಡ್ಯ ಜಿಲ್ಲೆಗೆ ಈ ಚಿತ್ರದೊಡನಿರುವ ನಂಟು ಬೇರೆಯದು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಮರನಾಥ್ ಎಂಬ ಯುವಕ ಅಂಬರೀಶ್ ಎಂಬ ಹೆಸರಿನಿಂದ ಬೆಳ್ಳಿತೆರೆಗೆ ಬಂದದ್ದು ಇದರ ಜಲೀಲನ ಪಾತ್ರದಿಂದ. ಹುಡುಗಿಯನ್ನು ಕಾಡುವ ಪುಂಡನ ಆ ಪಾತ್ರ ಬಹಳ ಚಿಕ್ಕದು. ನಾಯಕನಾದ ವಿಷ್ಣುವರ್ಧನರಿಂದ ಏಟು ತಿನ್ನುವುದೇ ಅದರ ಪಾಲು. ಅದೇ ನಟ ಮುಂದೆ ‘ಮಂಡ್ಯದ ಗಂಡು’ ಎನಿಸಿಕೊಂಡು, 1998, 1999 ಮತ್ತು 2004ರಲ್ಲಿ ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾದರು.

ನವೀಕರಣದ ಅಗತ್ಯಕ್ಕೆ ಕಾರಣ ಸರಳ. ಚಿತ್ರಮಂದಿರಗಳು ಡಿಜಿಟಲ್ ಪ್ರದರ್ಶನಕ್ಕೆ ಬದಲಾದ ಮೇಲೆ ರೀಲುಗಳನ್ನು ಓಡಿಸುವ ಯಂತ್ರಗಳೇ ಮರೆಯಾದವು. ಈಸ್ಟ್‌ಮನ್ ಕಲರ್ ಚಿತ್ರಗಳ ಬಣ್ಣವಂತೂ ಕಾಲಕ್ರಮೇಣ ಮಾಸುತ್ತದೆ. ಇಂತಹ ಕಾರ್ಯದಲ್ಲಿ ನೆಗೆಟಿವ್ ಅನ್ನು ಶುಚಿಗೊಳಿಸಿ, ಸ್ಕ್ಯಾನ್ ಮಾಡಿ, ಗೀರು, ಧೂಳುಗಳನ್ನು ತೆಗೆದು ಬಣ್ಣವನ್ನು ಸರಿಪಡಿಸಬೇಕಾಗುತ್ತದೆ. ಸೆಕೆಂಡಿಗೆ 24 ಚಿತ್ರಗಳಂತೆ ಮೂರು ಗಂಟೆಯ ಸಿನಿಮಾದಲ್ಲಿ ಸುಮಾರು 2.6 ಲಕ್ಷ ಚಿತ್ರಗಳಿರುತ್ತವೆ ಎಂದರೆ ಶ್ರಮದ ಪ್ರಮಾಣ ತಿಳಿದೀತು.

‘ನಾಗರಹಾವು’ ಚಿತ್ರಕ್ಕೆ 7.1 ಧ್ವನಿಯನ್ನು ಅಳವಡಿಸಿ, ಅದನ್ನು ಸಿನಿಮಾಸ್ಕೋಪ್‌ಗೂ ಪರಿವರ್ತಿಸಲಾಯಿತು. ಇಲ್ಲಿ ಆಕ್ಷೇಪಕ್ಕೆ ಎಡೆಯುಂಟು. ಚೌಕಕ್ಕೆ ಸಮೀಪವಾದ ಹಳೆಯ ಚೌಕಟ್ಟನ್ನು ಅಗಲಿಸಬೇಕಾದರೆ ಮೇಲೆ, ಕೆಳಗೆ ಒಂದಿಷ್ಟನ್ನು ಕತ್ತರಿಸಲೇಬೇಕು. ಎತ್ತರದ ಬಂಡೆ, ಬತೇರಿಗಳ ದುರ್ಗವನ್ನು ತೋರುವ ಚಿತ್ರಕ್ಕೆ ಇದು ಸಣ್ಣ ನಷ್ಟವಲ್ಲ. ‘ಸತ್ಯಹರಿಶ್ಚಂದ್ರ’ (2008), ‘ಕಸ್ತೂರಿ ನಿವಾಸ’ (2014) ಚಿತ್ರಗಳಿಗೆ ಬಣ್ಣ ತುಂಬಿದ್ದೂ ಇದೇ ಬಗೆಯ ಮಾರ್ಪಾಡು. ಮೂಲವನ್ನು ಇದ್ದಂತೆಯೇ ಉಳಿಸುವ ಸಂರಕ್ಷಣೆಗೆ ಕನ್ನಡದಲ್ಲಿ ಉದಾಹರಣೆ ಬೇಕಿದ್ದರೆ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ನೋಡಬೇಕು, ಅದರ 4ಕೆ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಆದರೆ ಮದ್ದೂರು, ಮಳವಳ್ಳಿಗಳ ಸಾಮಾನ್ಯ ಪ್ರೇಕ್ಷಕನನ್ನು ಹಳೆಯ ಚಿತ್ರವೊಂದಕ್ಕೆ ಟಿಕೆಟ್ ಕೊಳ್ಳುವಂತೆ ಕರೆಯಬಲ್ಲದ್ದು ‘ನಾಗರಹಾವು’ ಮಾದರಿಯ ಮರುಬಿಡುಗಡೆಯೇ ಎಂಬುದನ್ನೂ ಒಪ್ಪಬೇಕು.

ಈ ಮರುಬಿಡುಗಡೆಯ ವೇಳೆಗೆ ಪುಟ್ಟಣ್ಣ, ತ.ರಾ.ಸು., ವೀರಾಸ್ವಾಮಿ, ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರ ಪಾತ್ರದ ಕೆ.ಎಸ್. ಅಶ್ವತ್ಥ್ ಯಾರೂ ಇರಲಿಲ್ಲ. ಜಲೀಲನಿದ್ದರು. ನಾಲ್ಕು ತಿಂಗಳ ತರುವಾಯ, ನವೆಂಬರ್ 24ರಂದು ಅಂಬರೀಶ್ ನಿಧನರಾದರು. ಮರುದಿನ ಅವರ ಪಾರ್ಥಿವ ಶರೀರವನ್ನು ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಜನರ ದರ್ಶನಕ್ಕೆ ಇರಿಸಲಾಯಿತು.