ದಲ್ಲಾಳಿ: ದಾರಿ ತೋರಿದವನ ಪಾಲು

ಅರಬ್ಬಿಯಲ್ಲಿ ‘ದಲ್ಲ’ ಎಂದರೆ ತೋರಿಸು, ದಾರಿ ಹೇಳು. ದಾರಿ ತೋರಿಸುವವನು ‘ದಲೀಲ್’. ಒಂದು ಮಾತು ನಿಜವೆಂದು ತೋರಿಸಿಕೊಡುವ ಪುರಾವೆಯೂ ‘ದಲೀಲ್’. ಹಿಂದಿ, ಉರ್ದು ಆಡುವವರು ವಾದಕ್ಕೆ ದಲೀಲ್ ಎನ್ನುವುದು ಇದರಿಂದಲೇ. ಅರಬ್ಬಿಯಲ್ಲಿ ಧಾತುವಿನ ನಡುವಿನ ವ್ಯಂಜನವನ್ನು ಒತ್ತಿ, ಅದರ ಮುಂದಿನ ಸ್ವರವನ್ನು ಎಳೆದರೆ ಆ ಕೆಲಸವನ್ನೇ ಕಸುಬು ಮಾಡಿಕೊಂಡವನ ಹೆಸರು ಸಿಗುತ್ತದೆ: ಹೊಲಿಯುವವನು ಖಯ್ಯಾತ್, ಮರಗೆಲಸದವನು ನಜ್ಜಾರ್. ತೋರಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ದಲ್ಲಾಲ್. ನಮ್ಮ ದಲ್ಲಾಳಿ ಹುಟ್ಟಿದ್ದು ಅಲ್ಲಿ.

ಈ ಪದದ ಜಾಡು ಹಿಡಿಯಲು ಒಂದು ಕಾರಣವಿದೆ. ಮನೆಯಲ್ಲೇ ಕೂತು ಅಫಿಲಿಯೇಟ್ ಮಾರ್ಕೆಟಿಂಗ್ ಕಲಿಯಿರಿ ಎಂಬ ಕರೆ ಈಗ ಓದು ಮುಗಿಸಿದ ಹುಡುಗ ಹುಡುಗಿಯರ ಫೋನಿಗೆಲ್ಲ ಬರುತ್ತದೆ. ಬೇರೆಯವರ ಸರಕಿಗೆ ಗಿರಾಕಿ ತೋರಿಸು, ಮಾರಾಟವಾದರೆ ಪಾಲು ತಗೋ ಎಂಬುದೇ ಅದರ ಸಾರ. ಆದರೂ ಅದನ್ನು ದಲ್ಲಾಳಿ ಎಂದು ಯಾರೂ ಕರೆಯುವುದಿಲ್ಲ. ಕರೆಯಬೇಕು ಎಂಬುದು ನನ್ನ ವಾದ. ಈ ಕಸುಬಿನ ಮಾನ ಅವಮಾನ ಎರಡನ್ನೂ ಆ ಪದ ಸಾವಿರ ವರ್ಷದಿಂದ ಹೊತ್ತು ತಿರುಗಿದೆ. ಹೊಸದಾಗಿ ಕಲಿಯಲು ಹೊರಟವರಿಗೆ ಅಷ್ಟು ಹಳೆಯ ಅನುಭವ ಬೇರೆಲ್ಲೂ ಸಿಗಲಾರದು.

ಕೈರೋದ ಹಳೆಯ ಯಹೂದಿ ಪ್ರಾರ್ಥನಾಮಂದಿರದಲ್ಲಿ ಸಿಕ್ಕ ಗೆನೀಜಾ ಕಾಗದಪತ್ರಗಳು ಬಹುಪಾಲು 11ರಿಂದ 13ನೇ ಶತಮಾನದವು. ಅಲ್ಲಿನ ವ್ಯಾಪಾರದ ಪತ್ರಗಳಲ್ಲಿ ದಲ್ಲಾಲ ಆಗಲೇ ಇದ್ದಾನೆ. ಆತ ಪೇಟೆಯಲ್ಲಿ ಸರಕಿನ ಹೆಸರು ಕೂಗುತ್ತಿದ್ದ, ಹರಾಜು ನಡೆಸುತ್ತಿದ್ದ, ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸುತ್ತಿದ್ದ. (ಹರಾಜು ಎಂಬುದೂ ಅರಬ್ಬಿಯಿಂದಲೇ ಬಂದ ಪದ. ಇವೆರಡೂ ಒಂದೇ ಪೇಟೆಯಿಂದ ಹೊರಟ ಜೋಡಿ.) ಆ ಕೆಲಸಗಳು ಊರಿಂದೂರಿಗೆ ಬೇರೆಬೇರೆಯಾಗಿ ಹಂಚಿಹೋದವು. ತುರ್ಕಿಯಲ್ಲಿ ಪದ ‘ತೆಲ್ಲಾಲ್’ ಆಗಿ, ಆಟೋಮನ್ ಆಳ್ವಿಕೆಯ ಜೊತೆ ಗ್ರೀಸಿಗೆ ಹೋಗಿ ‘ತೆಲಾಲಿಸ್’ ಆಯಿತು. ಅಲ್ಲಿ ಅವನು ಡಂಗುರ ಸಾರುವವನು, ಅಷ್ಟೆ. ಮೊರಾಕೊದ ಹಳೇ ಪೇಟೆಗಳಲ್ಲಿ ದೆಲ್ಲಾಲ ಇವತ್ತಿಗೂ ಕಂಬಳಿ, ಚರ್ಮ ಹೊತ್ತು ಬೆಲೆ ಕೂಗುತ್ತ ಓಡಾಡುವ ಹರಾಜುಗಾರ. ಪಾರಸಿ ದಾಟಿ ಹಿಂದುಸ್ತಾನಕ್ಕೆ ಬಂದವನು ಮಾತ್ರ ಕೂಗುವುದನ್ನು ಬಿಟ್ಟು ಕಿವಿಯಲ್ಲಿ ಮಾತಾಡುವವನಾದ.

ಇಲ್ಲಿ ಅವನಿಗೆ ಬೇಗನೆ ಕೆಟ್ಟ ಹೆಸರೂ ಬಂತು. 14ನೇ ಶತಮಾನದ ಇತಿಹಾಸಕಾರ ಜಿಯಾವುದ್ದೀನ್ ಬರನಿ, ಅಲ್ಲಾವುದ್ದೀನ್ ಖಿಲ್ಜಿಯ ಕುದುರೆ ಪೇಟೆಯ ಬಗ್ಗೆ ಬರೆಯುವಾಗ ದಲ್ಲಾಳಿಗಳನ್ನು ಸುಲ್ತಾನ ಹೇಗೆ ಕಠಿಣವಾಗಿ ಹದ್ದಿಗೆ ತಂದನೆಂದು ವಿವರಿಸುತ್ತಾನೆ. ಎರಡೂ ಕಡೆಯಿಂದ ಹಣ ತಿಂದು ಬೆಲೆ ಏರಿಸುತ್ತಾರೆ ಎಂಬುದು ದೂರು. ಗುಜರಾತಿನಲ್ಲಾದರೋ ಅದೇ ಪದ ಗೌರವದ ಮನೆತನದ ಹೆಸರಾಯಿತು. ಉದ್ಯಮಿಗಳು ದೇಶದ ಆರ್ಥಿಕತೆಗೆಂದು ರೂಪಿಸಿದ 1944ರ ಬಾಂಬೆ ಯೋಜನೆಗೆ ಸಹಿ ಹಾಕಿದವರಲ್ಲಿ ಸರ್ ಅರ್ದೇಶಿರ್ ದಲಾಲ್ ಒಬ್ಬರು. ಮುಂಬಯಿಯ ಟೌನ್ ಹಾಲ್ ಬಳಿ ಮರದ ನೆರಳಲ್ಲಿ ಸೇರುತ್ತಿದ್ದ ಷೇರು ವ್ಯಾಪಾರಿಗಳು 1870ರ ದಶಕದಲ್ಲಿ ನೆಲೆ ಕಂಡ ಬೀದಿ ದಲಾಲ್ ಸ್ಟ್ರೀಟ್ ಎಂದು ದೇಶಕ್ಕೆಲ್ಲ ಗೊತ್ತು.

ಕನ್ನಡಕ್ಕೆ ಈ ಪದ ಬರುವ ಮೊದಲು ಈ ಕೆಲಸಕ್ಕೆ ಹೆಸರೇ ಇರಲಿಲ್ಲ ಎಂದಲ್ಲ. ‘ತರಗು’ ಇತ್ತು. ತಮಿಳಿನಲ್ಲಿ ಅದು ಈಗಲೂ ಬಳಕೆಯಲ್ಲಿದೆ. ನಮ್ಮಲ್ಲಿ ಬೆಂಗಳೂರಿನ ದವಸದ ಪೇಟೆಯ ಹೆಸರಾಗಿ, ತರಗುಪೇಟೆಯಾಗಿ ಉಳಿದಿದೆ. ಅಲ್ಲಿ ಮೂಟೆ ಇಳಿಸಿಕೊಳ್ಳುವ ಎಷ್ಟು ಜನಕ್ಕೆ ತಾವು ನಿಂತ ಬೀದಿಯ ಹೆಸರೇ ತಮ್ಮ ಕಮಿಷನ್ನು ಎಂದು ಗೊತ್ತೋ! ದಲ್ಲಾಳಿಗೆ ಮರಳಿದರೆ, ಮರಾಠಿಯಲ್ಲಿ ದಲಾಲ ಎಂದರೆ ಆಳು, ದಲಾಲಿ ಎಂದರೆ ಅವನಿಗೆ ಸಲ್ಲುವ ಹಣ. ಉತ್ತರ ಕರ್ನಾಟಕದ ಅಡತಿ ಅಂಗಡಿಗಳಲ್ಲಿ ಈ ವ್ಯತ್ಯಾಸ ಇನ್ನೂ ಇದೆ. ದಕ್ಷಿಣಕ್ಕೆ ಬರುತ್ತ ಹಣದ ಹೆಸರೇ ಮನುಷ್ಯನ ಹೆಸರಾಗಿ, ಲಕಾರ ಳಕಾರವಾಗಿ ‘ದಲ್ಲಾಳಿ’ ನಿಂತಿತು. ಪಾಲು ಮತ್ತು ಪಾಲು ತಿನ್ನುವವ ಒಂದಾದರು. ಪದಕ್ಕೆ ಅಂಟಿದ ಕಹಿಗೆ ಇದೂ ಕಾರಣವಿರಬಹುದು ಎಂದು ನನಗನಿಸುತ್ತದೆ.

ದನಗಳ ಜಾತ್ರೆಯಲ್ಲಿ ಈ ವ್ಯವಹಾರವನ್ನು ಹತ್ತಿರದಿಂದ ನೋಡಬೇಕು. ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು, ಕೊಳ್ಳುವವನ ಕೈ ಮೇಲೆ ಹಾಕುತ್ತಾನೆ. ಒಳಗೆ ಬೆರಳು ಬೆರಳನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ. ಮುಖದಲ್ಲಿ ಏನೂ ಕಾಣದು. ಸುತ್ತ ನಿಂತವರಿಗೆ ಎತ್ತು ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಫ್ರೆಂಚ್ ವ್ಯಾಪಾರಿ ತವೆರ್ನಿಯೆ 1676ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ದಖ್ಖನಿನ ವಜ್ರದ ಗಣಿಗಳ ಬಳಿ ಇದೇ ರೀತಿಯನ್ನು ಕಂಡದ್ದಾಗಿ ಬರೆದಿದ್ದಾನೆ: ಸೊಂಟದ ಬಟ್ಟೆಯ ಮರೆಯಲ್ಲಿ ಇಡೀ ಕೈ ಹಿಡಿದರೆ ಸಾವಿರ, ಒಂದು ಬೆರಳಿಗೆ ನೂರು. ಈ ಗುಟ್ಟಿನಿಂದಲೇ ರೈತ ನಲುಗಿದ್ದು. ನಮ್ಮ ರಾಜ್ಯದ 1966ರ ಕೃಷಿ ಮಾರುಕಟ್ಟೆ ಕಾಯ್ದೆಯಡಿ ಎಪಿಎಂಸಿಯಲ್ಲಿ ರೈತನಿಂದ ಕಮಿಷನ್ ಹಿಡಿಯುವಂತಿಲ್ಲ, ಅದನ್ನು ಕೊಳ್ಳುವವನೇ ಕೊಡಬೇಕು. ಆದರೂ ಲೆಕ್ಕಕ್ಕೆ ಸಿಗದ ‘ಬಿಳಿ ಚೀಟಿ’ಯ ದೂರು ನಿಂತಿಲ್ಲ.

ಈ ಹಳೆಯ ಆಳು ಅಂತರ್ಜಾಲಕ್ಕೆ ಬಂದದ್ದು 1990ರ ದಶಕದಲ್ಲಿ. ಸಂಗೀತದ ಸಿಡಿ ಮಾರುತ್ತಿದ್ದ ಸಿಡಿನೌ 1994ರಲ್ಲಿ, ಪುಸ್ತಕ ಮಾರುತ್ತಿದ್ದ ಅಮೆಜಾನ್ 1996ರ ಜುಲೈಯಲ್ಲಿ, ಗಿರಾಕಿಯನ್ನು ಕಳಿಸಿಕೊಟ್ಟವರಿಗೆ ಪಾಲು ಕೊಡುವ ಏರ್ಪಾಡು ಮಾಡಿದವು. 1998ರಲ್ಲಿ ಅಮೆರಿಕದ ಗೋಟು ಎಂಬ ಹುಡುಕುತಾಣ ಜನ ಹುಡುಕುವ ಪದಗಳನ್ನೇ ಹರಾಜಿಗಿಟ್ಟಿತು. ಯಾರು ಕ್ಲಿಕ್ಕಿಗೆ ಎಷ್ಟು ಕೂಗಿದ್ದಾರೆ ಎಂಬುದನ್ನು ಫಲಿತಾಂಶದ ಪಕ್ಕದಲ್ಲೇ ಬರೆದು ತೋರಿಸುತ್ತಿತ್ತು. ಟವೆಲ್ ತೆಗೆದಿಟ್ಟ ಹರಾಜು ಅದು. ಗೂಗಲ್ 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ಆಡ್‌ವರ್ಡ್ಸ್ ಎಂಬ ಜಾಹೀರಾತು ಸೇವೆ ಶುರು ಮಾಡಿ, 2002ರಲ್ಲಿ ಕ್ಲಿಕ್ಕಿನ ಹರಾಜಿಗೆ ಬಂದಾಗ ಬೆಲೆ ಮತ್ತೆ ಮರೆಯಾಯಿತು. ಕೂಗುವವನು, ಹರಾಜುಗಾರ, ಜೋಡಿಸುವವನು ಹೀಗೆ ಒಂದೇ ಹುಡುಕುಪುಟದ ಮೇಲೆ ಮತ್ತೆ ಒಟ್ಟಿಗೆ ಸೇರಿದರು.

ಕಲಿಯುವವರಿಗೆ ಮೊದಲು ತಟ್ಟುವುದು ಲೆಕ್ಕ. 12,000 ರೂಪಾಯಿಯ ನೀರಿನ ಫಿಲ್ಟರ್, ಕಮಿಷನ್ ಶೇ. 4 ಎಂದಿಟ್ಟುಕೊಳ್ಳಿ. ಒಂದು ಮಾರಾಟಕ್ಕೆ 480 ರೂಪಾಯಿ. ಗಿರಾಕಿಯನ್ನು ಕರೆತರಲು ಹುಡುಕುಪುಟದಲ್ಲಿ ಜಾಹೀರಾತು ಹಾಕಿ ಕ್ಲಿಕ್ಕಿಗೆ 8 ರೂಪಾಯಿ ತೆತ್ತರೆ 60 ಕ್ಲಿಕ್ಕಿಗೊಂದು ಮಾರಾಟವಾದಾಗ ಅಸಲು ಹುಟ್ಟುತ್ತದೆ. ನೂರಕ್ಕೊಂದಾದರೆ 320 ರೂಪಾಯಿ ಕೈಯಿಂದ ಹೋಯಿತು. ಗಿರಾಕಿ ಸರಕು ವಾಪಸ್ ಕಳಿಸಿದರೆ ಕಮಿಷನ್ನೂ ವಾಪಸ್, ಕ್ಲಿಕ್ಕಿನ ಹಣ ಮಾತ್ರ ಬರುವುದಿಲ್ಲ. ‘ಫಿಲ್ಟರ್ ರಿಪೇರಿ’ ಎಂದು ಹುಡುಕುವವನು ಬಂದು ಕ್ಲಿಕ್ಕಿಸಿದರೆ ಅದೂ ಖರ್ಚೇ. ಅದಕ್ಕಾಗಿ ರಿಪೇರಿ, ಉಚಿತ, ಸೆಕೆಂಡ್‌ಹ್ಯಾಂಡ್ ಮೊದಲಾದ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಜಾಹೀರಾತು ಕಾಣಿಸಬಾರದ ಪದಗಳ ಪಟ್ಟಿಗೆ, ಸೇರಿಸುವುದು ಮೊದಲ ವಾರದ ಪಾಠ.

ಆದರೆ ನಿಜವಾದ ಪಾಠ ಯಾವ ಪದಕ್ಕೆ ಕೂಗಬೇಕೆಂಬುದರಲ್ಲಿದೆ. ‘ಬೋರ್‌ವೆಲ್ ನೀರಿಗೆ ಯಾವ ಫಿಲ್ಟರ್ ಒಳ್ಳೇದು’ ಎಂದು ಕೇಳುವವನಿಗೆ ದಾರಿ ಗೊತ್ತಿಲ್ಲ. ಕಂಪನಿಯ ಹೆಸರನ್ನೇ ಹಾಕಿ ಮುಂದೆ ‘ಕೂಪನ್’ ಎಂದು ಹೊಡೆಯುವವನು ಆಗಲೇ ಅಂಗಡಿಯ ಮೆಟ್ಟಿಲ ಮೇಲಿದ್ದಾನೆ. ಎರಡನೆಯವನ ಮುಂದೆ ಜಾಹೀರಾತು ಹಿಡಿದು ಪಾಲು ಎತ್ತುವುದು ಬಲು ಸುಲಭ, ಮಾರಾಟದ ಪ್ರಮಾಣವೂ ಚೆನ್ನಾಗಿ ಕಾಣುತ್ತದೆ. ತೋರಿಸಿದ್ದೇನು ಎಂದರೆ ಏನೂ ಇಲ್ಲ. ಇಬೇ ಕಂಪನಿ 2012ರಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ಹುಡುಕುತಾಣಗಳಲ್ಲಿ ತನ್ನದೇ ಹೆಸರಿನ ಮೇಲಿನ ಜಾಹೀರಾತುಗಳನ್ನು ನಿಲ್ಲಿಸಿ ನೋಡಿತು. ಕಳೆದುಹೋಗಬೇಕಿದ್ದ ಕ್ಲಿಕ್ಕುಗಳಲ್ಲಿ ಶೇ. 99.5ರಷ್ಟು ಕೆಳಗಿನ ಪುಕ್ಕಟೆ ಕೊಂಡಿಯಿಂದಲೇ ಬಂದವು. ಅರ್ಥಶಾಸ್ತ್ರಜ್ಞರಾದ ಬ್ಲೇಕ್, ನಾಸ್ಕೊ, ತಾಡೆಲಿಸ್ 2015ರಲ್ಲಿ ಪ್ರಕಟಿಸಿದ ಈ ಅಧ್ಯಯನವನ್ನು ಈ ಕಸುಬಿಗೆ ಕೈಹಾಕುವ ಪ್ರತಿಯೊಬ್ಬರೂ ಓದಬೇಕೆಂದು ನಾನು ಬಯಸುತ್ತೇನೆ. ಅಂಗಡಿಗಳಿಗೂ ಇದು ತಿಳಿಯದ್ದೇನಲ್ಲ. ಅಮೆಜಾನ್ ತನ್ನ ಹೆಸರನ್ನು ಕೀವರ್ಡ್ ಆಗಿ ಕೊಳ್ಳುವುದನ್ನು ತನ್ನ ಅಫಿಲಿಯೇಟ್‌ಗಳಿಗೆ ನಿಷೇಧಿಸಿದೆ. 2009ರಲ್ಲಿ ಉತ್ತರ ಅಮೆರಿಕದಲ್ಲಿ ಹುಡುಕು ಜಾಹೀರಾತಿನಿಂದ ನೇರ ಕಳಿಸಿದ ಗಿರಾಕಿಗೆ ಪಾಲು ಕೊಡುವುದನ್ನೇ ನಿಲ್ಲಿಸಿತು.

ಇಂಗ್ಲಿಷಿನ ಅಫಿಲಿಯೇಟ್ ಪದಕ್ಕೂ ತನ್ನದೇ ಕಥೆಯಿದೆ. ಲ್ಯಾಟಿನ್ನಿನ ‘ಫಿಲಿಯಸ್’ ಎಂದರೆ ಮಗ, ಅಫಿಲಿಯೇಟ್ ಎಂದರೆ ಮಗನಾಗಿ ತೆಗೆದುಕೊಳ್ಳುವುದು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಅದು ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ತಂದೆ ಯಾರೆಂದು ತೀರ್ಮಾನಿಸುವ ಪದವಾಯಿತು. ಈ ಕಸುಬಿನ ಜಗಳಕ್ಕೂ ಅದು ಸರಿಯಾಗಿಯೇ ಒಪ್ಪುತ್ತದೆ. ಒಂದು ಮಾರಾಟ ಹುಟ್ಟಿದೆ, ಅದು ಯಾರ ಕೊಂಡಿಗೆ ಸೇರಬೇಕು? ಉತ್ತರ ಹೇಳುವುದು ಗಿರಾಕಿಯ ಬ್ರೌಸರ್‌ನಲ್ಲಿ ಕೂತ ಕುಕಿ ಎಂಬ ಪುಟ್ಟ ಗುರುತು. ಬಹುತೇಕ ಕಡೆ ಕೊನೆಗೆ ಕ್ಲಿಕ್ಕಿಸಿದ ಕೊಂಡಿಗೇ ಇಡೀ ಪಾಲು, ಅಮೆಜಾನಿನಲ್ಲಿ ಆ ಕುಕಿಯ ಆಯುಸ್ಸು 24 ಗಂಟೆ. ವಾರವಿಡೀ ಕೂತು ಫಿಲ್ಟರುಗಳನ್ನು ಹೋಲಿಸಿ ಬರೆದವನನ್ನು, ಕಡೇ ಗಳಿಗೆಯಲ್ಲಿ ಕೂಪನ್ ಹಿಡಿದು ಬಂದವನು ಹಿಂದೆ ಹಾಕುತ್ತಾನೆ. ಗಿರಾಕಿ ಕ್ಲಿಕ್ಕಿಸದೆಯೇ ಕುಕಿ ತುರುಕುವವರೂ ಇದ್ದರು. ಇಬೇ 2008ರಲ್ಲಿ ಅಂಥವರ ಮೇಲೆ ದಾವೆ ಹೂಡಿತು, ಮುಂದೆ ಅದು ಕ್ರಿಮಿನಲ್ ಮೊಕದ್ದಮೆಯಾಗಿ ಶಿಕ್ಷೆಯೂ ಆಯಿತು.

ನಮ್ಮ ದೇಶದಲ್ಲಿ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ತಂದ ಮಾರ್ಗಸೂಚಿಯಂತೆ, ಹಣ ಪಡೆದು ಶಿಫಾರಸು ಮಾಡುವವರು ಅದನ್ನು ಓದುಗರಿಗೆ ಕಾಣುವಂತೆ ಹೇಳಬೇಕು. ‘ಈ ಕೊಂಡಿಯಿಂದ ಕೊಂಡರೆ ನನಗೆ ಪಾಲು ಬರುತ್ತದೆ’ ಎಂಬ ಒಂದು ಸಾಲಾದರೂ ಬೇಕು. ಅದು ಪುಟದ ತುದಿಯಲ್ಲಿ ಸಣ್ಣಕ್ಷರದಲ್ಲಿ ಇರದೆ, ಬೆಲೆಗಿಂತ ಮೊದಲು, ಕಣ್ಣಿಗೆ ಬೀಳುವ ಕಡೆ ಇರಬೇಕು. ಶಿರಸಿಯಲ್ಲೋ ಸಾಗರದಲ್ಲೋ ಒಬ್ಬರು ‘ಅಡಿಕೆ ಸುಲಿಯೋ ಮೆಷಿನ್ ಯಾವುದು ಒಳ್ಳೇದು’ ಎಂದು ಕನ್ನಡದಲ್ಲೇ ಫೋನಿಗೆ ಕೇಳುತ್ತಾರೆ. ನಾಲ್ಕು ಮೆಷಿನ್ ಓಡಿಸಿ ನೋಡಿ, ಯಾವುದರಲ್ಲಿ ಎಷ್ಟು ಅಡಿಕೆ ಒಡೆಯಿತು, ಕರೆಂಟು ಎಷ್ಟು ತಿಂದಿತು ಎಂದು ಬರೆದು, ಆ ಸಾಲನ್ನೂ ಮೇಲೆ ಹಾಕಿ, ಕ್ಲಿಕ್ಕಿಗೆ ದುಡ್ಡು ಕೊಟ್ಟು ಅವರ ಮುಂದೆ ನಿಂತವರು ಕೇಳುವ ಪಾಲು ನ್ಯಾಯದ್ದು. ಅಂಥವರನ್ನು ದಲ್ಲಾಳಿ ಎಂದು ಕರೆಯಲು ನನಗೆ ಸಂಕೋಚವಿಲ್ಲ.